ಗುಳೆ ಹೋದವರ ಮಕ್ಕಳು ಮತ್ತು ಸರಕಾರಿ ಶಾಲೆ



ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ದುಡಿಮೆಯನ್ನರಸಿ ಗೋವೆಯ ದಾರಿ ಹಿಡಿಯುವ ಕುಟುಂಬಗಳನ್ನು ನಾವು ಬಲ್ಲೆವು. ಅಲ್ಲಿ ಕೂಲಿ ದೊರೆತರೂ ನೆಲೆ ದೊರೆಯುವುದು ಕಷ್ಟ. 2017ರಲ್ಲಿ ವಾಸ್ಕೋದ ಬೈನಾ ಕಡಲತೀರದಲ್ಲಿ ಕನ್ನಡಿಗರ ಮನೆಗಳು ನೆಲಸಮವಾದವು. ಸ್ವದೇಶದಲ್ಲಿಯೇ ಪರಕೀಯರಂತೆ ಬಾಳುವವರು ಕಾಗದಪತ್ರ ಕೇಳುವ ಪ್ರತಿಯೊಂದು ಬಾಗಿಲಿಗೂ ಅಂಜುತ್ತಾರೆ. ಆ ಅಂಜಿಕೆಯಲ್ಲಿ ಮಗುವಿನ ಓದು ನಿಂತುಹೋಗುತ್ತದೆ.

ಶಾಲೆಯ ಬಾಗಿಲಲ್ಲಾದರೂ ಈ ಅಂಜಿಕೆ ಬೇಡ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, 6ರಿಂದ 14 ವರ್ಷದ ಮಗುವಿಗೆ ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ವಲಸೆ ಬಂದವರ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಆಡಳಿತದ ಹೊಣೆ. ಸರಕಾರಿ ಶಾಲೆಯಲ್ಲಿ ಪಾಠದೊಡನೆ ಪುಸ್ತಕವೂ ಮಧ್ಯಾಹ್ನದ ಬಿಸಿಯೂಟವೂ ಉಂಟು. ದುಡಿಯಲು ಹೋದ ತಾಯಿಗೆ ಮಗು ಸುರಕ್ಷಿತವೆಂಬ ನೆಮ್ಮದಿಯೂ ಉಂಟು.

ಆದರೆ ಕಾಯ್ದೆ ತಾನಾಗಿ ಗುಡಿಸಲಿನವರೆಗೆ ನಡೆದು ಬರುವುದಿಲ್ಲ. ಗುಳೆ ಹೊರಟ ನೆರೆಯವರಿಗೆ ಇದನ್ನು ತಿಳಿಸೋಣ. ಹೊರಡುವ ಮುನ್ನ ವರ್ಗಾವಣೆ ಪತ್ರ ಪಡೆಯಲು ನೆರವಾಗೋಣ. ನಮ್ಮೂರಿಗೆ ದುಡಿಯಲು ಬಂದ ಪರರಾಜ್ಯದವರ ಮಗುವನ್ನೂ ಕೈಹಿಡಿದು ಮುಖ್ಯೋಪಾಧ್ಯಾಯರ ಬಳಿಗೆ ಕರೆದೊಯ್ಯೋಣ. ಹೆರೋದನ ಭಯದಿಂದ ಈಜಿಪ್ಟಿಗೆ ವಲಸೆ ಹೋದ ಪವಿತ್ರ ಕುಟುಂಬವನ್ನು ಗೌರವಿಸುವ ನಮಗೆ ಇದು ಪರರ ಕೆಲಸವಲ್ಲ.