ಮೊಮ್ಮಗನ ಟಿಪ್ಪರ್



ನಾನು ಲೇಖಕನಲ್ಲ, ಬಡಗಿಯೂ ಅಲ್ಲ. ಮೆಟ್ರಿಕ್ ಪಾಸಾಗಿ 1979ರಲ್ಲಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. ಹುಟ್ಟೂರು ಖಾನಾಪುರದ ಕಡೆ. ವರ್ಗವಾಗಿ ಗೋವೆಗೆ ಬಂದೆ, ಡಿಚೋಲಿಯಲ್ಲಿ ಮನೆ ಮಾಡಿದೆ, 2019ರಲ್ಲಿ ನಿವೃತ್ತನಾಗಿ ಇಲ್ಲಿಯೇ ಉಳಿದೆ. ನಲವತ್ತು ವರ್ಷ ಈ ಕೈ ಹಿಡಿದದ್ದು ಪೆನ್ನು, ಲೆಡ್ಜರು ಮತ್ತು ರಬ್ಬರ್ ಸ್ಟಾಂಪು. ಈಗ ಗರಗಸ, ಉಳಿ, ಬೈರಿಗೆ ಹಿಡಿಯುತ್ತಿದೆ. ಮನೆಯ ಹಿಂದೆ ಸೌದೆ ಒಟ್ಟುತ್ತಿದ್ದ ಛಪ್ಪರವೇ ನನ್ನ ಕಾರ್ಖಾನೆ. ಅಲ್ಲಿ ಮೊಮ್ಮಕ್ಕಳಿಗಾಗಿ ಕಟ್ಟಿಗೆಯ ಗಾಡಿಗಳನ್ನು ಮಾಡುತ್ತೇನೆ. ಆ ಕೆಲಸ ಹೇಗೆ ಶುರುವಾಯಿತು, ಅದರಲ್ಲಿ ನಾನು ಏನೇನು ತಪ್ಪು ಮಾಡಿದೆ ಎಂಬುದನ್ನು ಇಂದು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ.

ನಮ್ಮ ತಾಲೂಕಿನವರಿಗೆ 2018ರ ಮಾರ್ಚ್ ತಿಂಗಳನ್ನು ನೆನಪಿಸಬೇಕಾಗಿಲ್ಲ. 2012ರಲ್ಲಿ ಗಣಿಗಳು ಒಮ್ಮೆ ನಿಂತಿದ್ದವು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ವರ್ಷಕ್ಕೆ ಎರಡು ಕೋಟಿ ಟನ್ನಿನ ಮಿತಿ ಹಾಕಿ ತಡೆ ತೆಗೆಯಿತು. 2018ರ ಫೆಬ್ರವರಿ 7ರಂದು ಅದೇ ನ್ಯಾಯಾಲಯ 88 ಗುತ್ತಿಗೆಗಳ ನವೀಕರಣವನ್ನು ರದ್ದು ಮಾಡಿತು. ಮಾರ್ಚ್ 16ರಿಂದ ಗಣಿಗಳು ಮತ್ತೆ ನಿಂತವು. ಗಣಿಯ ಮಣ್ಣು ಇಳಿದು ಗದ್ದೆ ಕೆಟ್ಟವರ, ಧೂಳು ಕುಡಿದು ಬಾಳಿದವರ ಮಾತು ಸುಳ್ಳಲ್ಲ. ಆದರೆ ಅದಿರನ್ನು ಮಾಂಡವಿ ದಂಡೆಯ ಜೆಟ್ಟಿಗೆ ಸಾಗಿಸುತ್ತಿದ್ದ ಟಿಪ್ಪರುಗಳು ಮನೆ ಮನೆಯ ಮುಂದೆ ತಾಡಪತ್ರಿ ಹೊದ್ದು ನಿಂತದ್ದೂ ಸುಳ್ಳಲ್ಲ. ಅವುಗಳಲ್ಲಿ ಒಂದು ನನ್ನ ಮಗನದು. ಆ ಗಾಡಿಯ ಸಾಲದ ಅರ್ಜಿಯನ್ನು ತುಂಬಿಕೊಟ್ಟವನು ನಾನೇ. ಕಂತಿನ ಲೆಕ್ಕ ಹಾಕಿ, "ಐದು ವರ್ಷದಾಗ ಗಾಡಿ ನಿನ್ನದಾಗತೈತಿ" ಎಂದು ಧೈರ್ಯ ಹೇಳಿದವನೂ ನಾನೇ. 2012ರ ತಡೆಯಲ್ಲಿ ಕಂತು ತಪ್ಪಿತು, ಬಡ್ಡಿ ಬೆಳೆಯಿತು. ಎರಡನೆಯ ಸಲ ಗಾಡಿ ನಿಂತ ಮೇಲೆ ಮಗ ಮಾತು ಕಡಿಮೆ ಮಾಡಿದ. ಊಟಕ್ಕೆ ಕರೆದರೆ ಬರುವ, ಉಂಡು ಹೋಗಿ ಗಾಡಿಯ ನೆರಳಿನಲ್ಲಿ ಕೂರುವ. ಅವನಿಗೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ.

ಆಗ ಮೊಮ್ಮಗನಿಗೆ ಐದು ವರ್ಷ. ಒಂದು ಭಾನುವಾರ ಬಂದು, "ಅಜ್ಜಾ, ಅಪ್ಪನ ಗಾಡಿಯಂಥಾದ್ದು ಮಾಡಿಕೊಡು. ಆದರ ಅದು ಓಡಬೇಕು ನೋಡು" ಎಂದ.

ಮೊದಲ ಟಿಪ್ಪರಿಗೆ ನಾನು ಹಸಿ ಕೊಂಬೆಯನ್ನು ಕೊಯ್ದು ಬಿಲ್ಲೆ ಮಾಡಿ ಗಾಲಿ ಹಾಕಿದೆ. ವಾರದೊಳಗೆ ಬಿಲ್ಲೆಗಳು ಒಣಗಿ, ನಡುವಿನಿಂದ ಅಂಚಿನವರೆಗೆ ಸೀಳಿದವು. ಗಾಲಿಯ ಅಚ್ಚಿಗೆ ಮೊಳೆ ಹೊಡೆದಿದ್ದೆ, ಅದೂ ಸಡಿಲಾಗಿ ಕಳಚಿತು. ಹುಡುಗ ಮೂರು ಗಾಲಿಯ ಗಾಡಿಯನ್ನು ತಂದು ಅಪ್ಪನ ಗಾಡಿಯ ಪಕ್ಕದಲ್ಲಿ ನಿಲ್ಲಿಸಿ, "ಇದೂ ಬಂದ್" ಎಂದ. ಆ ಮಾತು ಮಗನ ಕಿವಿಗೂ ಬಿತ್ತು.

ನಮ್ಮ ಓಣಿಯಲ್ಲಿ ಒಬ್ಬ ಬಡಗಿ ಇದ್ದಾರೆ. ಇಲ್ಲಿಯವರು ಬಡಗಿಗೆ ಮೇಸ್ತ ಎನ್ನುತ್ತಾರೆ. ಅವರ ಹತ್ತಿರ ಕೇಳಿ ಕಲಿತದ್ದನ್ನು, ಮನೆಯಲ್ಲಿ ಮೊಮ್ಮಕ್ಕಳಿರುವ ನೀವೂ ಕೇಳಿಸಿಕೊಳ್ಳಿ.

ಗಾಲಿಯನ್ನು ಕೊಂಬೆಯಿಂದ ಕೊಯ್ಯಬಾರದು, ಚೆನ್ನಾಗಿ ಒಣಗಿದ ಹಲಗೆಯಿಂದ ಕೊಯ್ಯಬೇಕು. ಬಾಗಿಲು ಮಾಡಿ ಉಳಿದ ಸಾಗವಾನಿ ತುಂಡು, ಹಲಸು, ಮಾವು ಯಾವುದಾದರೂ ನಡೆಯುತ್ತದೆ. ನನ್ನ ಟಿಪ್ಪರಿನ ತಳಪಟ್ಟಿ 30 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪ. ಗಾಲಿಗಳು 5 ಸೆಂ.ಮೀ. ಅಡ್ಡಳತೆಯವು. ಮುಂದೆ ಎರಡು, ಹಿಂದೆ ಜೋಡಿ ಜೋಡಿಯಾಗಿ ನಾಲ್ಕು. ಅಚ್ಚು 6 ಮಿ.ಮೀ. ಸರಳು. ತಳಪಟ್ಟಿಯ ತೂತು ಮಾತ್ರ 8 ಮಿ.ಮೀ. ಇರಬೇಕು. ಗಾಲಿ ಅಚ್ಚಿಗೆ ಬಿಗಿಯಾಗಿ ಕೂರಬೇಕು, ಅಚ್ಚು ತೂತಿನಲ್ಲಿ ಸಡಿಲವಾಗಿ ತಿರುಗಬೇಕು. ನಾನು ಮೊದಲು ಇದನ್ನೇ ತಿರುವುಮುರುವು ಮಾಡಿದ್ದೆ. ತೂತನ್ನು ಒಂದೇ ಕಡೆಯಿಂದ ಕೊರೆದರೆ ಬೈರಿಗೆ ಓರೆಯಾಗಿ ಹೊರಬರುತ್ತದೆ, ಗಾಡಿ ಗೋಡೆಗೆ ಹೋಗಿ ಬಡಿಯುತ್ತದೆ. ಗುಣ್ಯಾ ಹಿಡಿದು ಎರಡೂ ಬದಿಗೆ ಗುರುತು ಮಾಡಿ, ಎರಡೂ ಕಡೆಯಿಂದ ಅರ್ಧರ್ಧ ಕೊರೆಯಬೇಕು. ಕೊನೆಗೆ ಅಚ್ಚಿಗೆ ಸ್ವಲ್ಪ ಮೇಣದಬತ್ತಿ ತಿಕ್ಕಿದರೆ ಸದ್ದಿಲ್ಲದೆ ಓಡುತ್ತದೆ.

ಓಡುವುದೇನೋ ಓಡಿತು. ಆದರೆ ಹಿಂದಿನ ತೊಟ್ಟಿ ಕೈಕೊಟ್ಟಿತು. ಹುಡುಗ ಕೆಂಪು ಮಣ್ಣು ತುಂಬಿದೊಡನೆ ತೊಟ್ಟಿ ತಾನೇ ಹಿಂದಕ್ಕೆ ವಾಲಿ ಎಲ್ಲವನ್ನೂ ಸುರಿದುಬಿಡುತ್ತಿತ್ತು. ನಾನು ಕೂತು ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದೆ. ಅಷ್ಟು ದಿನ ಛಪ್ಪರದ ಕಡೆ ತಲೆ ಹಾಕದ ಮಗ ಹಿಂದೆ ಬಂದು ನಿಂತಿದ್ದ. "ಅಪ್ಪಾ, ಕೀಲು ನಡುವ ಹಾಕೀರಿ. ಟಿಪ್ಪರಿಗೆ ಕೀಲು ಹಿಂದಿನ ತುದಿಗೆ ಇರತೈತಿ. ಭಾರ ಎಲ್ಲಾ ಕೀಲಿನ ಮುಂದ ಕೂಡ್ರಬೇಕು, ಅಂದರ ಎತ್ತಿದಾಗಷ್ಟ ಸುರೀತೈತಿ" ಎಂದ. ನನ್ನ ಕೈಯಿಂದ ಸ್ಕ್ರೂ ಡ್ರೈವರ್ ತೆಗೆದುಕೊಂಡ. ಹಿಂದಿನ ಫಳಿಯನ್ನು ನಾನು ಕೆಳಗಿನಿಂದ ಕೂರಿಸಿದ್ದೆ. ಅದನ್ನೂ ಬಿಚ್ಚಿ, ಮೇಲಿನಿಂದ ಜೋತುಬೀಳುವಂತೆ ಮಾಡಿದ. ತೊಟ್ಟಿ ಎತ್ತಿದರೆ ಫಳಿ ತಾನೇ ತೆರೆದುಕೊಂಡು ಮಣ್ಣು ಜಾರಿತು. ನಾನು ಸಾಲದ ಕಾಗದದಲ್ಲಿ ಎಷ್ಟೋ ಟಿಪ್ಪರುಗಳ ನಂಬರು ಬರೆದಿದ್ದೇನೆ. ಅದರ ಕೀಲು ಎಲ್ಲಿರುತ್ತದೆಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಆ ಸಂಜೆ ಮಗ ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ ಎಂದು ನಮ್ಮ ಮನೆಯಾಕೆ ಆಮೇಲೆ ಹೇಳಿದಳು.

ನಿಜವಾದ ಗಾಡಿ ಉಳಿಯಲಿಲ್ಲ. 2019ರ ಮಳೆಗಾಲ ಮುಗಿದ ಮೇಲೆ ಬಂದ ಬೆಲೆಗೆ ಮಾರಿದೆವು. ಉಳಿದ ಸಾಲಕ್ಕೆ ನನ್ನ ನಿವೃತ್ತಿಯ ಹಣದಲ್ಲಿ ಒಂದು ಪಾಲು ಹೋಯಿತು. ಧೈರ್ಯ ಹೇಳಿದವನು ನಾನಾದ್ದರಿಂದ ಅದು ನ್ಯಾಯವೇ.

ಇನ್ನು ಬಣ್ಣದ ಮಾತು. ಇದು ನಾನು ಮಾಡಿದ ದೊಡ್ಡ ತಪ್ಪು. ಟಿಪ್ಪರಿಗೆ ಹಳದಿ ಬಣ್ಣ ಬೇಕೆಂದು ಹುಡುಗ ಹಟ ಮಾಡಿದ. ಕಿಟಕಿ ಸರಳಿಗೆಂದು ತಂದು, ಹತ್ತು ವರ್ಷ ಅಟ್ಟದ ಮೇಲೆ ಬಿದ್ದಿದ್ದ ಡಬ್ಬಿಯನ್ನು ಬಿಚ್ಚಿ ಬಳಿದೆ. 2021ರಲ್ಲಿ ಒಂದು ವರ್ಷದ ಮೊಮ್ಮಗಳು ಅದೇ ಗಾಡಿಯ ಮೂತಿಯನ್ನು ಬಾಯಿಗಿಟ್ಟು ಚೀಪುವಾಗ ಸೊಸೆ ನೋಡಿ ಕಿತ್ತುಕೊಂಡಳು. ಹಳೆಯ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಹಾಕುತ್ತಿದ್ದರು. ಸೀಸ ಹೊಟ್ಟೆಗೆ ಹೋದರೆ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು. ಸರ್ಕಾರ 2016ರಲ್ಲಿ ನಿಯಮ ಮಾಡಿ, 2017ರ ನವೆಂಬರಿನಿಂದ ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂದು ಗೊತ್ತುಮಾಡಿತು. ನನ್ನ ಡಬ್ಬಿ ಅದಕ್ಕಿಂತ ಹಳೆಯದು. ಬಣ್ಣವನ್ನು ಉಜ್ಜಿ ತೆಗೆದರೆ ಧೂಳು ಇನ್ನೂ ಕೆಟ್ಟದ್ದು. ಆದ್ದರಿಂದ ಬಣ್ಣ ತಾಗಿದ ಮೂತಿ, ತೊಟ್ಟಿ, ತಳಪಟ್ಟಿ ಎಲ್ಲವನ್ನೂ ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ, ಬಣ್ಣವಿಲ್ಲದ ಗಾಲಿ, ಅಚ್ಚುಗಳನ್ನು ಉಳಿಸಿಕೊಂಡು ಹೊಸದಾಗಿ ಕಟ್ಟಿದೆ. ನಿಮ್ಮ ಅಟ್ಟದಲ್ಲೂ ಅಂಥ ಡಬ್ಬಿ ಇದ್ದರೆ ದಯವಿಟ್ಟು ಆಟಿಕೆಗೆ ಮುಟ್ಟಿಸಬೇಡಿ. ಇನ್ನೊಂದು ಮಾತು. ಮೂರು ವರ್ಷದೊಳಗಿನ ಮಗುವಿನ ಆಟಿಕೆಯಿಂದ ಕಳಚಬಲ್ಲ ಯಾವ ತುಂಡೂ ಸುಮಾರು 32 ಮಿ.ಮೀ. ಅಗಲದ ಕೊಳವೆಯೊಳಗೆ ಹಿಡಿಸುವಷ್ಟು ಚಿಕ್ಕದಿರಬಾರದು. ಚಿಕ್ಕದಿದ್ದರೆ ಗಂಟಲಿಗೆ ಸಿಕ್ಕೀತು.

ಹಾಗಾದರೆ ಬಣ್ಣಕ್ಕೆ ಏನು ಮಾಡಬೇಕು? ನಮ್ಮ ಹಿರಿಯ ಕಸುಬುದಾರರು ಇದಕ್ಕೆ ಉತ್ತರ ಕಂಡುಕೊಂಡಿದ್ದಾರೆ. ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣದಲ್ಲಿ ಬಿಳಿಯ, ನುಣುಪಾದ ಆಲೆ ಮರವನ್ನು ಚರಕಿಗೆ ಕಟ್ಟಿ ತಿರುಗಿಸುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ನಮಗೆ ಹತ್ತಿರದ್ದೆಂದರೆ ದೋಡಾಮಾರ್ಗದ ಆಚೆಯ ಸಾವಂತವಾಡಿ. ಅಲ್ಲಿಯ ಚಿತಾರ ಆಳಿಯಲ್ಲಿ ಕಟ್ಟಿಗೆಯ ಹಣ್ಣು, ತರಕಾರಿ, ಆಟಿಕೆಗಳ ಅಂಗಡಿಗಳು ಸಾಲಾಗಿವೆ. ಮೊಮ್ಮಗನನ್ನು ಕರೆದುಕೊಂಡು ಹೋಗಿ ತೋರಿಸಿದ್ದೇನೆ. ನನ್ನ ಹತ್ತಿರ ಚರಕಿ ಇಲ್ಲ. ಬಡಗಿಗಳು ಪಾಲೀಶಿಗೆ ಬಳಸುವ ಅರಗಿನ ಚಕ್ಕೆಗಳನ್ನು ಸ್ಪಿರಿಟಿನಲ್ಲಿ ಕರಗಿಸಿ ಬಟ್ಟೆಯಿಂದ ಮೂರು ಸಲ ಒರೆಸುತ್ತೇನೆ, ಚೆನ್ನಾಗಿ ಒಣಗಿದ ಮೇಲೆಯೇ ಮಗುವಿನ ಕೈಗೆ ಕೊಡುತ್ತೇನೆ. ಹಳದಿ ಬೇಕೆಂದರೆ ಮೊದಲು ಅರಿಶಿನ ಹಚ್ಚುತ್ತೇನೆ. ಅರಿಶಿನ ಬಿಸಿಲಿಗೆ ಮಾಸುತ್ತದೆ, ಮಾಸಲಿ. ಮತ್ತೆ ಹಚ್ಚಿದರಾಯಿತು.

ಕಳೆದ ವರ್ಷ ಒಂದು ಚಕ್ಕಡಿಯನ್ನೂ ಮಾಡಿದೆ, ನನ್ನ ತಂದೆ ಹೊಡೆಯುತ್ತಿದ್ದ ಚಕ್ಕಡಿಯ ನೆನಪಿನಲ್ಲಿ. ನನ್ನ ಮೊಮ್ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಕೊಂಕಣಿ ಆಡುವವರು. ಗಾಲಿಗೆ ಚಾಕ ಎನ್ನುತ್ತಾರೆ. ಅದೂ ಒಳ್ಳೆಯ ಮಾತೇ, ತಿದ್ದಲು ಹೋಗುವುದಿಲ್ಲ. ಆದರೆ ಛಪ್ಪರದಲ್ಲಿ "ಆ ಅಚ್ಚು ಕೊಡು, ಈ ಕೀಲು ಹಿಡಿ, ನೊಗ ಎಲ್ಲಿ ಇಟ್ಟಿ?" ಎಂದು ಕೇಳುತ್ತಾ ಹೋದರೆ ಮಾತು ತಾನಾಗಿ ಕೈಗೆ ಹತ್ತುತ್ತದೆ. ಕೂಡ್ರಿಸಿ ಕಲಿಸಿದ ಅಕ್ಷರಗಳನ್ನು ಹುಡುಗ ಮರೆತಿದ್ದಾನೆ. ಅರೆಕಾಲು, ಮೂಕಿ ಎಂಬ ಮಾತುಗಳನ್ನು ಮರೆತಿಲ್ಲ. ಏಕೆಂದರೆ ಅವುಗಳಿಗೆ ಉಜ್ಜುಕಾಗದ ಹಾಕಿದವನು ಅವನೇ.

2022ರ ಕೊನೆಗೆ ಹರಾಜು ನಡೆದು, 2024ರಲ್ಲಿ ಡಿಚೋಲಿಯ ಗಣಿ ಮತ್ತೆ ತೆರೆಯಿತು. ನನ್ನ ಮಗ ಅತ್ತ ಹೋಗಲಿಲ್ಲ. ಚೋರ್ಲಾ ಘಾಟಿನ ದಾರಿಯಲ್ಲಿ ಬೆಳಗಾವಿಯಿಂದ ಕಾಯಿಪಲ್ಲೆ ತರುವ ಸಣ್ಣ ಗಾಡಿ ಓಡಿಸುತ್ತಾನೆ. ಗಾಡಿ ಬೇರೆಯವರದು, ಸಂಬಳ ತನ್ನದು. ಸಾಲ ಮಾಡುವ ಮಾತನ್ನು ನಾನು ಎತ್ತಿಲ್ಲ, ಅವನೂ ಎತ್ತಿಲ್ಲ.

ಮೊಮ್ಮಗನಿಗೆ ಈಗ ಹನ್ನೆರಡು. ಟಿಪ್ಪರು ತಂಗಿಯ ಪಾಲಿಗೆ ಬಂದಿದೆ. ಮೊನ್ನೆ ಅದರ ಹಿಂದಿನ ಗಾಲಿ ಕಳಚಿತು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವನೇ ಗೋಂದು ಹಾಕಿ, ಅಚ್ಚಿಗೆ ಮೇಣ ತಿಕ್ಕಿ ಕೂರಿಸಿದ. ಅವಳು ತೊಟ್ಟಿಯಲ್ಲಿ ಎರಡು ಬದನೆಕಾಯಿ, ಒಂದು ಹಿಡಿ ಬೆಂಡೆಕಾಯಿ ಇಟ್ಟುಕೊಂಡು ಅಡಿಗೆಮನೆಯವರೆಗೆ ಎಳೆದುಕೊಂಡು ಹೋದಳು. ದಾರಿಯಲ್ಲಿ ಏನೂ ಚೆಲ್ಲಲಿಲ್ಲ. ಕೀಲು ಹಿಂದಿತ್ತು.