ಪೇಟೆಂಟು ವೃತ್ತಿಗೆ ವಿಜ್ಞಾನವೆಷ್ಟು?

ಪೇಟೆಂಟು ಏಜೆಂಟರಾಗಲು ವಿಜ್ಞಾನವನ್ನು ಎಲ್ಲಿಯವರೆಗೆ ಓದಬೇಕೆಂದು ತೆಕ್ಕಲಕೋಟೆಯ ತರುಣರು ಕೇಳುತ್ತಿರುವರು. 1970ರ ಪೇಟೆಂಟು ಕಾಯಿದೆಯಂತೆ ಭಾರತದ ಪ್ರಜೆಗೆ 21 ವರ್ಷ ತುಂಬಿರಬೇಕು. ವಿಜ್ಞಾನ, ಇಂಜಿನಿಯರಿಂಗ್ ಇಲ್ಲವೆ ತಂತ್ರಶಾಸ್ತ್ರದ ಪದವಿಯಿದ್ದು ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ವಕೀಲಿ ಪದವಿಯು ಕಡ್ಡಾಯವಲ್ಲ.

ಆದರೆ ಯಂತ್ರದ ನಕ್ಷೆಯನ್ನು ತಿಳಿಯಲು ಇಂಜಿನಿಯರಿಂಗ್ ಪದವಿಯು ಸಾಕಾದೀತು. ಔಷಧದ ರಚನೆಯನ್ನು ವಿವರಿಸಲು ಎಂ.ಎಸ್ಸಿ. ಬೇಕಾದೀತು. ಅರಿಸಿನವು ಗಾಯ ಮಾಯಿಸುವುದೆಂಬುದಕ್ಕೆ ಅಮೆರಿಕೆಯು 1995ರಲ್ಲಿತ್ತ ಪೇಟೆಂಟು 1997ರಲ್ಲಿ ರದ್ದಾಯಿತಷ್ಟೆ. ಅದಕ್ಕೆ ಸಂಸ್ಕೃತ ಗ್ರಂಥಗಳೂ ವೈದ್ಯಪತ್ರಿಕೆಯೂ ಜೊತೆಯಾಗಿ ಸಾಕ್ಷಿಯಾದುವು. ಪಾಠಶಾಲೆಯವನಾದ ನನಗಿದು ಹಿಗ್ಗಿನ ಸಂಗತಿ.

ಡಾಕ್ಟರೇಟಿಗಾಗಿ ಗದ್ದೆಯನ್ನು ಒತ್ತೆಯಿಡುವುದನ್ನು ಮಾತ್ರ ನಾನೊಪ್ಪೆನು. ಮೊದಲು ಪರೀಕ್ಷೆ ಮುಗಿಸಿ ಕಚೇರಿಯೊಂದನ್ನು ಸೇರಲಿ. ಅಲ್ಲಿಯ ಕೆಲಸವು ಹೆಚ್ಚಿನ ರಸಾಯನಶಾಸ್ತ್ರವನ್ನು ಬೇಡಿದರೆ ಆಗ ಮುಂದೆ ಓದಲಿ.