ವಿದ್ಯಾದಾಸೋಹದ ಪಂಕ್ತಿ



ಮಠವೆಂದೊಡನೆ ಜನರ ಮನಸ್ಸಿಗೆ ಮೊದಲು ತೋರುವುದು ದಾಸೋಹ. ಪಂಕ್ತಿಯಲ್ಲಿ ಕುಳಿತವನು ಕಣ್ಣಿಲ್ಲದವನಿರಲಿ, ಕಿವಿ ಕೇಳದವನಿರಲಿ, ಬಡಿಸುವವನು ಅವನ ಎಲೆಯನ್ನು ದಾಟಿ ಹೋಗಕೂಡದು. ಕೈಯಾಡದವನಿಗೆ ತುತ್ತು ಕಲಸಿ ಕೊಡುವುದೂ ದಾಸೋಹಧರ್ಮವೇ. ಆದರೆ ಅದೇ ಮಗು ಶಾಲೆಯ ಬಾಗಿಲಿಗೆ ಬಂದಾಗ, "ಇದಕ್ಕೆ ವಿದ್ಯೆ ಹತ್ತದು" ಎಂದು ಹಿಂದಿರುಗಿಸುವವರು ಇಂದಿಗೂ ಉಂಟು. ಅನ್ನದ ಪಂಕ್ತಿಯಲ್ಲಿಲ್ಲದ ಭೇದವು ವಿದ್ಯೆಯ ಪಂಕ್ತಿಯಲ್ಲಿ ಏತಕ್ಕೆ? ಇದೇ ಈ ದಿನ ವಿಚಾರಿಸತಕ್ಕ ವಿಷಯವು.

ಈ ಕಾರ್ಯದಲ್ಲಿ ಕನ್ನಡನಾಡಿನ ಮಠಪರಂಪರೆಯೇ ದಾರಿ ತೋರಿದೆ. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು (1867–1930) ಗದಿಗೆಯ್ಯನೆಂಬ ಅಂಧಬಾಲಕನ ಕಂಠಮಾಧುರ್ಯವನ್ನು ಮನಗಂಡು, ಅವನಿಗೆ ಬರಿಯ ಕನಿಕರವನ್ನು ತೋರಿ ಸುಮ್ಮನಾಗಲಿಲ್ಲ. ಸಂಗೀತಶಿಕ್ಷಣದ ಏರ್ಪಾಡನ್ನೇ ಮಾಡಿದರು. 1892ರಲ್ಲಿ ಜನಿಸಿದ ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ಪ್ರಖ್ಯಾತರಾದರು. ತಾವು ಪಡೆದುದನ್ನು ಅವರು ತಮ್ಮಲ್ಲಿಯೇ ಇರಿಸಿಕೊಳ್ಳದೆ, ಅಂಧರನ್ನೂ ಅನಾಥರನ್ನೂ ಶಿಷ್ಯರಾಗಿ ಕೂಡಿಸಿಕೊಂಡು ಊರೂರು ಸಂಚರಿಸಿ ವಿದ್ಯೆಯನ್ನಿತ್ತರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಆ ತಪಸ್ಸಿನ ಫಲವು. 1944ರಲ್ಲಿ ಅವರು ಲಿಂಗೈಕ್ಯರಾದ ತರುವಾಯ, ಅವರ ಶಿಷ್ಯರೂ ಸ್ವತಃ ದೃಷ್ಟಿಹೀನರೂ ಆದ ಪುಟ್ಟರಾಜ ಗವಾಯಿಗಳು (1914–2010) ಆ ಭಾರವನ್ನು ಹೊತ್ತರು. ಕಣ್ಣುಳ್ಳ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳಲ್ಲಿಯೂ, ವೆಂಕಟೇಶಕುಮಾರರು ಪುಟ್ಟರಾಜರಲ್ಲಿಯೂ ಕಲಿತು ನಾಡಿಗೆಲ್ಲ ಹೆಸರಾದರು. ಕಣ್ಣಿಲ್ಲದವರಿಗೆ ಕಲಿಸಿದುದರಿಂದ ಕಣ್ಣುಳ್ಳವರಿಗೂ ಗುರುಗಳು ದೊರೆತರೆಂಬುದನ್ನು ಮರೆಯತಕ್ಕದ್ದಲ್ಲ.

ಆದರೂ ಅಂಧರೆಲ್ಲರಿಗೂ ಸಂಗೀತವೇ ಗತಿಯೆಂದು ತಿಳಿಯುವುದು ಸರಿಯಲ್ಲ. ಕುಮಾರಸ್ವಾಮಿಗಳವರು ನೋಡಿದುದು ಆ ಮಗುವಿನಲ್ಲಿ ಏನಿಲ್ಲವೆಂಬುದನ್ನಲ್ಲ, ಏನಿದೆಯೆಂಬುದನ್ನು. ಪ್ರತಿಯೊಂದು ಮಗುವನ್ನೂ ಹಾಗೆಯೇ ಪ್ರತ್ಯೇಕವಾಗಿ ನೋಡಬೇಕು. ಆರು ಚುಕ್ಕೆಗಳ ಬ್ರೈಲ್ ಲಿಪಿಯಿಂದ ದೃಷ್ಟಿಹೀನ ಬಾಲಕನು ಗಣಿತವನ್ನೂ ವ್ಯಾಕರಣವನ್ನೂ ಬೆರಳತುದಿಯಿಂದ ಓದಬಲ್ಲನು. ಕಿವಿ ಮಂದವಾದ ಬಾಲಿಕೆಯನ್ನು ಮುಂದಿನ ಸಾಲಿನಲ್ಲಿ ಕೂಡಿಸಿ, ಉಪಾಧ್ಯಾಯರು ಹಲಗೆಯ ಕಡೆಗೆ ತಿರುಗಿ ಮಾತನಾಡದೆ ಅವಳಿಗೆ ಮುಖ ಕಾಣುವಂತೆ ನುಡಿದರೆ ಬಹಳ ಉಪಕಾರವಾಗುವುದು. ಏನೂ ಕೇಳದವಳಿಗೆ ಸಂಜ್ಞಾಭಾಷೆಯಲ್ಲಿ ಕಲಿಸಬೇಕು. ಇನ್ನು ಕೆಲವು ಮಕ್ಕಳು ಮಾತಿನಲ್ಲಿ ಚುರುಕಾಗಿದ್ದರೂ ಓದುವಾಗ 'ಪ'ಕಾರ 'ಷ'ಕಾರಗಳನ್ನು, 'ದ'ಕಾರ 'ಧ'ಕಾರಗಳನ್ನು ಬಹುಕಾಲ ತಪ್ಪಾಗಿ ಗ್ರಹಿಸುತ್ತ ಎಡವುತ್ತವೆ. ಡಿಸ್ಲೆಕ್ಸಿಯಾ ಎಂಬ ಕಲಿಕೆಯ ತೊಡಕು ಇದಕ್ಕೆ ಕಾರಣವಿರಬಹುದು. ಅದು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ. ಅಂಥವರಿಗೆ ಬೆತ್ತವು ಮದ್ದಲ್ಲ. ಅಕ್ಷರ ಮತ್ತು ಧ್ವನಿಗಳ ಸಂಬಂಧವನ್ನು ಕ್ರಮವಾಗಿ ಮತ್ತೆ ಮತ್ತೆ ಕಲಿಸುವುದು, ಪರೀಕ್ಷೆಯಲ್ಲಿ ಹೆಚ್ಚು ಸಮಯವನ್ನು ಕೊಡುವುದು ಹಿತಕರವು. ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವಿಗೆ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಮಾಡಿ, ಕೈಯಲ್ಲಿ ಹಿಡಿಯತಕ್ಕ ವಸ್ತುಗಳಿಂದ ತೋರಿಸಬೇಕು.

ಸರಕಾರವೂ ಇದನ್ನು ಹಕ್ಕೆಂದು ಒಪ್ಪಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ನ್ಯೂನತೆಗಳನ್ನು ಹೆಸರಿಸಿ, ನಿಗದಿತ ಪ್ರಮಾಣದ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ, ಇಷ್ಟಪಟ್ಟ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನಿತ್ತಿದೆ. ಕಾನೂನು ಬಾಗಿಲನ್ನು ತೆರೆಯಿಸಬಲ್ಲದು. ಮಗುವಿನ ಕೈಹಿಡಿದು ಒಳಗೆ ಕರೆತರಬೇಕಾದವರು ಮನುಷ್ಯರೇ.

ಅತ್ಯಂತ ದುಃಖದ ಸಂಗತಿಯೆಂದರೆ, ಎಷ್ಟೋ ಮನೆಗಳಲ್ಲಿ ಇಂಥ ಮಗುವನ್ನು ಪೂರ್ವಜನ್ಮದ ಪಾಪವೆಂದು ಬಗೆದು ಬಂದವರ ಕಣ್ಣಿಗೆ ಬೀಳದಂತೆ ಒಳಕೋಣೆಯಲ್ಲಿ ಇರಿಸುವರು. ತಾಯಿಯು ಅತ್ತೆಯ ಮಾತಿಗೆ ಅಂಜಿ, ತಂದೆಯು ನೆಂಟರಿಗೆ ನಾಚಿ ಸುಮ್ಮನಿರುವರು. ಅಷ್ಟರಲ್ಲಿ ಕಲಿಯುವ ವಯಸ್ಸು ಕಳೆದುಹೋಗುವುದು. ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಪೂಜಿಸುವವರು, ತಮ್ಮ ಮಡಿಲಿನ ಮಗುವಿನಲ್ಲಿ ಅದೇ ಚೈತನ್ಯವನ್ನು ಕಾಣದಿದ್ದರೆ ಆ ಪೂಜೆಯು ಹೇಗೆ ಪೂರ್ಣವಾದೀತು?

ಆದಕಾರಣ ಭಕ್ತರು ಮಾಡಬೇಕಾದುದಿಷ್ಟೆ: ತಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಇಂಥ ಮಗುವಿದ್ದರೆ ಮರೆಮಾಡದೆ ಶಾಲೆಗೆ ಕರೆತರಲಿ. ಉತ್ಸವಕ್ಕೆ ಒಂದು ದಿನದ ಅನ್ನವನ್ನು ಸಲ್ಲಿಸುವ ದಾನಿಗಳು, ಒಂದು ವರ್ಷದ ಬ್ರೈಲ್ ಪುಸ್ತಕಗಳಿಗೂ, ವಿಶೇಷ ತರಬೇತಿ ಪಡೆದ ಒಬ್ಬ ಉಪಾಧ್ಯಾಯರ ವೇತನಕ್ಕೂ ಕೈನೀಡಲಿ. ಉಪಾಧ್ಯಾಯರು ಹಿಂದುಳಿದ ಮಗುವಿನ ಬಳಿ ಇನ್ನೊಂದು ಗಳಿಗೆ ಕುಳಿತುಕೊಳ್ಳಲಿ. ಬಡಿಸುವವನು ಪಂಕ್ತಿಯ ಕಡೆಯ ಎಲೆಯನ್ನು ಮುಟ್ಟಿದಾಗಲೇ ದಾಸೋಹವು ಸಂಪೂರ್ಣವಾಗುವುದು; ವಿದ್ಯಾದಾಸೋಹಕ್ಕೂ ಇದೇ ನಿಯಮವು.